ಮಸಿ ಗಂಟು ಕಟ್ಟಿದ ಮಳೆಗಾಲ

ಹೋದ ತಿಂಗಳು ಗುಬ್ಬಿಗೆ ಹೋಗಿದ್ದೆ. ನನ್ನ ತಂಗಿ ಹೊನ್ನಮ್ಮ ಅಲ್ಲಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರು. ಬಾಣಂತನ ಮುಗಿಸಿ ಮಗುವಿನ ಜೊತೆ ತನ್ನ ಮನೆಗೆ ವಾಪಸು ಬಂದಿದ್ದಳು. ನಾನು ಹೋದಾಗ ಹಿತ್ತಲ ಜಗಲಿಯಲ್ಲಿ ಎರಡು ಇಟ್ಟಿಗೆ ನಿಲ್ಲಿಸಿ, ನಡುವೆ ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ ಕೂತಿದ್ದಳು. ಮಗುವಿನ ಕಣ್ಣಿಗೆ ಕಾಡಿಗೆ ಮಾಡುತ್ತಿದ್ದಳು.

“ಬಾ ಅಣ್ಣ, ಕೂತ್ಕೋ. ಗಾಳಿಗೆ ದೀಪ ಆರೋಗುತ್ತೆ, ಆ ಕಡೆ ಅಡ್ಡ ಕೂತ್ಕೋ,” ಎಂದಳು.

ಅಡ್ಡ ಕೂತೆ. ತಟ್ಟೆಯ ಅಂಚಿನಿಂದ ಹೊಗೆ ಎದ್ದು ಮೂಗಿಗೆ ಬಡಿಯಿತು. ಎಣ್ಣೆ ಸುಟ್ಟು ಕರಿಯಾಗುವ ಆ ವಾಸನೆ ಬೇರೆಯವರಿಗೆ ತೊಟ್ಟಿಲು ಬಾಣಂತಿಯರನ್ನು ನೆನಪಿಸೀತು. ನನಗೆ ಹಾಗಲ್ಲ. ಆ ವಾಸನೆಯೊಳಗೆ ನಾನು ಒಂದು ಮಳೆಗಾಲ ಪೂರ್ತಿ ಕಳೆದಿದ್ದೇನೆ. ಅದು ಐವತ್ತರ ದಶಕದ ಕೊನೆ, ಈಗ್ಗೆ ಹತ್ತು ವರ್ಷದ ಹಿಂದೆ. ತುಮಕೂರಿನ ಅಂಚಿನಲ್ಲಿದ್ದ ಒಂದು ಹೆಂಚಿನ ಶೆಡ್ಡು.

ನಾನು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯವನು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲನೆಯವನು ನಾನು. ಬಿ.ಎಸ್‌ಸಿ. ಪಾಸು ಮಾಡಿದ ಮೊದಲನೆಯವನೂ ನಾನೇ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಉಚಿತ ಹಾಸ್ಟೆಲಿನಲ್ಲಿ ಉಂಡು, ಜೊತೆಯವರ ಪುಸ್ತಕವನ್ನು ಒಂದೊಂದು ದಿನಕ್ಕೆ ಬೇಡಿ ತಂದು ಕೈಯಲ್ಲಿ ಬರೆದುಕೊಂಡು ಓದಿದ್ದೇನೆ. ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಮೊದಲ ದಿನ ಕಾಲಿಟ್ಟಾಗ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಹೋಗಿದ್ದೆ. ಎಲ್ಲರೂ ನಕ್ಕರು. ನಗಲಿ ಬಿಡಿ, ಆ ವರ್ಷ ಪ್ರಯೋಗದ ಪರೀಕ್ಷೆಯಲ್ಲಿ ನನಗೇ ಹೆಚ್ಚು ನಂಬರು ಬಂತು.

ಓದು ಮುಗಿದ ಮೇಲೆ ತುಮಕೂರಿನಲ್ಲಿ ಕೆಲಸ ಸಿಕ್ಕಿತು. ಸಿಕ್ಕ ತಕ್ಷಣ ಮಾಡಿದ ಮೊದಲ ಕೆಲಸ, ಊರಿನಲ್ಲಿ ಮಿಡ್ಲ್ ಸ್ಕೂಲು ಮುಗಿಸಿ ಕೂತಿದ್ದ ಹೊನ್ನಿಯನ್ನು ಕರೆತಂದು ಹೈಸ್ಕೂಲಿಗೆ ಸೇರಿಸಿದ್ದು. ಒಂದು ಕೋಣೆ, ಮೂಲೆಯಲ್ಲಿ ಒಲೆ. ಅಪ್ಪನಿಗೆ ಮನಸ್ಸಿರಲಿಲ್ಲ. ಅವ್ವನಿಗೆ ಸೊಂಟ ಹಿಡಿದು ಬಗ್ಗಲು ಆಗುತ್ತಿರಲಿಲ್ಲ, ಮನೆಯಲ್ಲಿ ಇನ್ನೊಂದು ಕೈ ಬೇಕಿತ್ತು. ಕೊನೆಗೆ ಒಂದು ಮಾತಿನ ಮೇಲೆ ಬಿಟ್ಟುಕೊಟ್ಟ.

“ನಿಂಗೆ ಕೆಲ್ಸ ಇರೋಗಂಟ ಇರ್ಲಿ. ಕೆಲ್ಸ ಹೋಯ್ತೋ, ಮಗೀನ ಕರ್ಕಂಬಂದ್ ಬುಡು. ಆಮೇಕೆ ಓದು ಗೀದು ಅನ್ನಂಗಿಲ್ಲ.”

ಎರಡು ವರ್ಷದ ಮೇಲೆ ನಾನು ಆ ಕೆಲಸ ಬಿಟ್ಟು ಮಸಿ ಮಾಡುವ ಶೆಡ್ಡಿಗೆ ಸೇರಿದೆ. ಆ ವರ್ಷ ಹೊನ್ನಿ ಎಸ್‌ಎಸ್‌ಎಲ್‌ಸಿ. ಅವಳು ಪರೀಕ್ಷೆಗೆ ಕೂರುವುದು ನನ್ನ ಕೆಲಸ ಉಳಿಯುವುದರ ಮೇಲೆ ನಿಂತಿತ್ತು. ನನ್ನ ಕೆಲಸ ಉಳಿಯುವುದು ಒಂದು ಬಾಟಲಿ ಮಸಿಯ ಮೇಲೆ ನಿಂತಿತ್ತು.

ಆ ಶೆಡ್ಡು ರಾಯರದು. ಎಂಜಿನಿಯರಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತರಾದವರು. ಕೆರೆ, ಸೇತುವೆ, ನಾಲೆಗಳ ನಕ್ಷೆಗೆ ಬೇಕಾದ ಕಡುಗಪ್ಪು ಮಸಿ ಆಗ ಹೊರದೇಶದಿಂದ ಬರುತ್ತಿತ್ತು. ಆ ಸರಕು ಬರುವುದು ಕಡಿಮೆಯಾಗಿ ಆಫೀಸುಗಳವರು ಪರದಾಡುತ್ತಿದ್ದರು. ರಾಯರು ತಮ್ಮ ಮನೆಯ ಅಡಿಗೆಮನೆಯಲ್ಲೇ ಒಂದು ಬಾಟಲಿ ಮಸಿ ಮಾಡಿ ಹಳೆಯ ಆಫೀಸಿಗೆ ತೆಗೆದುಕೊಂಡು ಹೋದರು. ಅಲ್ಲಿಯವರು ಗೆರೆ ಎಳೆದು ನೋಡಿ, “ಇಂಥದ್ದೇ ಮಾಡಿಕೊಡಿ, ತಗೋತೀವಿ,” ಎಂದರು. ಆ ಮಾತನ್ನು ನಂಬಿ ರಾಯರು ಶೆಡ್ಡು ಹಿಡಿದರು. ಮಾಡುವುದಕ್ಕೆ ನನ್ನನ್ನು ಇಟ್ಟುಕೊಂಡರು. ಮಿಕ್ಕಿದ್ದ ಅರ್ಧ ಬಾಟಲಿ ಶೆಡ್ಡಿನ ಕಿಟಕಿಯಲ್ಲಿ ಮಾದರಿಯಾಗಿ ಇತ್ತು.

ಕೆಲಸದ ರೀತಿ ಹೇಳಿಬಿಡುತ್ತೇನೆ. ಸಾಲಾಗಿ ಹೊಂಗೆ ಎಣ್ಣೆಯ, ಹರಳೆಣ್ಣೆಯ ದೀಪಗಳು. ಅವುಗಳ ಮೇಲೆ ಬೋರಲು ಹಾಕಿದ ಮಡಕೆಗಳು. ಮಡಕೆಯ ಒಳಗೆ ಕೂತ ಕಾಡಿಗೆಯನ್ನು ಕೋಳಿಪುಕ್ಕದಿಂದ ಕೆರೆದು ತೆಗೆಯಬೇಕು. ಕಾಡಿಗೆ ನೀರಿನೊಳಗೆ ಇಳಿಯುವುದಿಲ್ಲ, ತೇಲುತ್ತದೆ. ಅದಕ್ಕೆ ಅಂಟುವಾಳದ ನೊರೆನೀರು ಬಿಟ್ಟು ಕಲ್ಲಿನಲ್ಲಿ ಅರೆಯಬೇಕು. ನುಣ್ಣಗೆ ಅರೆದದ್ದನ್ನು ನೀರಿಗೆ ಕಲಸಿ ಒಂದು ದಿನ ಬಿಟ್ಟರೆ ತರಿ ತಳಕ್ಕೆ ಕೂರುತ್ತದೆ, ಮೇಲೆ ಹಾಲಿನಷ್ಟು ನಯವಾದ ಮಸಿನೀರು ನಿಲ್ಲುತ್ತದೆ. ಹತ್ತು ದಿನವಾದರೂ ಅದು ಹಾಗೇ ಇರುತ್ತದೆ. ಆದರೆ ಬರೀ ಮಸಿನೀರಿನಲ್ಲಿ ಗೆರೆ ಎಳೆದರೆ ಒಣಗಿದ ಮೇಲೆ ಬೆರಳಿಗೇ ಬಂದುಬಿಡುತ್ತದೆ. ಹಿಡಿದುಕೊಳ್ಳಲು ಗೋಂದು ಬೇಕು. ಜಾಲಿ ಮರದ ಗೋಂದನ್ನು ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಆ ಗೋಂದಿನ ನೀರನ್ನೂ ಮಸಿನೀರನ್ನೂ ಬೆರೆಸಬೇಕು.

ಬೆರೆಸುವಲ್ಲಿಯೇ ಎಲ್ಲ ಕೆಡುತ್ತಿತ್ತು. ಹತ್ತು ನಿಮಿಷದಲ್ಲಿ ಹಾಲು ಒಡೆದ ಹಾಗೆ ಕಪ್ಪು ಗಂಟುಗಳು, ನಡುವೆ ತಿಳಿನೀರು.

ಅರೆಯುವುದು, ಕೆರೆಯುವುದು ನಂಜಮ್ಮನ ಕೆಲಸ. ರಾಯರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದವಳು, ಅವರ ಜೊತೆಗೇ ಶೆಡ್ಡಿಗೆ ಬಂದಿದ್ದಳು. ಮೊಣಕೈವರೆಗೂ ಕಪ್ಪು, ಹಲ್ಲು ಮಾತ್ರ ಬಿಳಿ. ಬೆರೆಸುವುದು ನನ್ನ ಕೆಲಸ. ಅದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅದಕ್ಕೆಂದೇ ಒಂದು ಬ್ಯುರೆಟ್ಟು ತರಿಸಿಕೊಂಡಿದ್ದೆ. ಉದ್ದನೆಯ ಗಾಜಿನ ಕೊಳವೆ, ಮೈಮೇಲೆ ಅಳತೆಯ ಗೀಟುಗಳು, ತಳದಲ್ಲಿ ತಿರುಪು. ತಿರುಪು ಸಡಿಲಿಸಿದರೆ ಒಂದೊಂದೇ ಹನಿ ಬೀಳುತ್ತದೆ. ಮಸಿನೀರಿನ ಪಾತ್ರೆಯ ಮೇಲೆ ಅದನ್ನು ನಿಲ್ಲಿಸಿ, ಒಂದು ಕೈಯಲ್ಲಿ ಕಡ್ಡಿ ಆಡಿಸುತ್ತಾ ಗೋಂದನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದೆ. ಕಾಲೇಜಿನಲ್ಲಿ ಕಲಿತದ್ದು ಹಾಗೆ. ಮನೆಯಲ್ಲಿ ಕಲಿತದ್ದೂ ಹಾಗೆಯೇ. ಅಂಬಲಿ ಕಾಯಿಸುವಾಗ ಅವ್ವ ರಾಗಿಹಿಟ್ಟನ್ನು ಬೆರಳ ಸಂದಿಯಿಂದ ಉದುರಿಸುತ್ತಿದ್ದಳು, ಒಂದೇ ಸಲ ಸುರಿದರೆ ಗಂಟು ಕಟ್ಟುತ್ತದೆ ಎಂದು ಗದರುತ್ತಿದ್ದಳು. ಎರಡು ಕಡೆಯೂ ಅದನ್ನೇ ಕಲಿಸಿದ್ದರಿಂದ ನನಗೆ ಆ ರೀತಿಯ ಮೇಲೆ ಒಂದು ದಿನವೂ ಅನುಮಾನ ಬರಲಿಲ್ಲ.

ನಂಜಮ್ಮ ನೋಡುತ್ತಾ ನಿಲ್ಲುತ್ತಿದ್ದಳು.

“ಏನ್ ಸಾಮಿ, ಬತ್ತೋದ್ ಹಸ ಕರ್ದಂಗೆ ತೊಟ್ಟಿಕ್ಕುಸ್ತೀರಲ್ಲ.”

“ಇದು ಅಳತೆ ನಂಜಮ್ಮ. ನಿಂಗೆ ಗೊತ್ತಾಗಲ್ಲ.”

“ಎಲ್ ಗೊತ್ತಾಯ್ತದೆ ಬುಡಿ. ನಾವೇನ್ ಓದಿದ್ದೀವಾ,” ಎಂದು ಕಲ್ಲಿನ ಮುಂದೆ ಕೂರುತ್ತಿದ್ದಳು.

ಆಷಾಢದಲ್ಲಿ ಮೊದಲ ಬಾಟಲಿ ಹೋಯಿತು. ಕೆಟ್ಟು ಕೆಟ್ಟು ಹೇಗೋ ಸೋಸಿ ಹೊಂದಿಸಿದ ಬಾಟಲಿ. ರಾಯರ ಜೊತೆ ನಾನೂ ಆಫೀಸಿಗೆ ಹೋಗಿದ್ದೆ. ಅಲ್ಲಿಯ ಹಿರಿಯ ನಕ್ಷೆಗಾರರು ಎರಡು ಉಕ್ಕಿನ ನಾಲಿಗೆಯ ಗೆರೆಪೆನ್ನಿಗೆ ಮಸಿ ಬಿಟ್ಟು, ನಕ್ಷೆ ಬರೆಯುವ ಟ್ರೇಸಿಂಗ್ ಬಟ್ಟೆಯ ಮೇಲೆ ಸ್ಕೇಲಿಟ್ಟು ಎಳೆದರು. ಅರ್ಧ ಗೇಣು ಓಡಿ ಗೆರೆ ನಿಂತುಹೋಯಿತು. ಪೆನ್ನಿನ ನಾಲಿಗೆಯ ನಡುವೆ ಸಾಸಿವೆಯಷ್ಟು ಗಂಟು ಸಿಕ್ಕಿಕೊಂಡಿತ್ತು.

“ಏನ್ ರಾಯರೇ, ಇದನ್ನ ಪೆನ್ನಿಗೆ ಬಿಡ್ಬೇಕೋ, ಅನ್ನಕ್ಕೆ ಕಲ್ಸ್ಕೋಬೇಕೋ?” ಎಂದರು ಅವರು. ಸುತ್ತಲಿದ್ದವರು ನಕ್ಕರು. ರಾಯರೂ ನಕ್ಕರು. ಮೆಟ್ಟಿಲು ಇಳಿಯುವಾಗ ಮಾತ್ರ ನನ್ನ ಭುಜ ಹಿಡಿದುಕೊಂಡು ಇಳಿದರು.

ನನ್ನ ಬುದ್ಧಿ ಏನೂ ಓಡಲೇ ಇಲ್ಲ ಎಂದಲ್ಲ. ಶೆಡ್ಡಿನ ಬಾವಿಯ ನೀರು ಗಡಸು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬರುತ್ತಿರಲಿಲ್ಲ. ಅದರೊಳಗಿನ ಸುಣ್ಣದ ಅಂಶವೇ ಕಾಡಿಗೆಯ ಕಣಗಳನ್ನು ಒಂದಕ್ಕೊಂದು ಹತ್ತಿರ ತರುತ್ತಿದೆ ಎಂದು ಲೆಕ್ಕ ಹಾಕಿದೆ. ಅದು ಸರಿಯಾಗಿಯೇ ಇತ್ತು. ಶ್ರಾವಣದ ಮಳೆ ಬಂದಾಗ ಹೆಂಚಿನ ಸೂರಿನ ಕೆಳಗೆ ಸಿಕ್ಕಿದ ಪಾತ್ರೆಯನ್ನೆಲ್ಲ ಇಟ್ಟೆವು. ಹೊನ್ನಿ ನಮ್ಮ ಕೋಣೆಯ ಬಿಂದಿಗೆ, ಅನ್ನದ ತಪ್ಪಲೆ ಎಲ್ಲ ಹೊತ್ತು ತಂದಳು. ಆ ದಿನ ನಾವು ಅಡಿಗೆ ಮಾಡಲಿಲ್ಲ, ಪಾತ್ರೆಯೇ ಇರಲಿಲ್ಲ. ಹುರಿಗಡಲೆ ತಿಂದು ಮಳೆಯ ಸದ್ದು ಕೇಳುತ್ತಾ ಕೂತೆವು.

“ಅಣ್ಣ, ಈ ಸಲ ಆಗುತ್ತೆ ಅಲ್ವಾ?”

“ಆಗುತ್ತೆ ಕಣೇ.”

ಆಯಿತು ಎಂದೇ ಅಂದುಕೊಂಡೆವು. ಮಳೆನೀರಿನಲ್ಲಿ ಬೆರೆಸಿದಾಗ ಮಸಿ ಹತ್ತು ನಿಮಿಷಕ್ಕೆ ಒಡೆಯಲಿಲ್ಲ. ಒಂದು ದಿನ ನಿಂತಿತು, ಎರಡು ದಿನ ನಿಂತಿತು. ಎರಡನೆಯ ಬಾಟಲಿಯನ್ನು ರಾಯರು ರೇಷ್ಮೆ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟುಬಂದರು. ಗೌರಿಹಬ್ಬದ ಹೊತ್ತಿಗೆ ಅದು ವಾಪಸು ಬಂತು. ಮೇಜಿನ ಮೇಲೆ ಒಂದು ವಾರ ಇದ್ದದ್ದಕ್ಕೆ ತಳದಲ್ಲಿ ಕೆಸರು ಕಟ್ಟಿತ್ತು. ಅಲುಗಿಸಿದರೆ ಕೆಸರು ಚೂರುಚೂರಾಗಿ ಎದ್ದು ತೇಲಿತು. ಗಂಟುಗಳು ಮೊದಲಿನಿಂದಲೂ ಇದ್ದವು, ಕಣ್ಣಿಗೆ ಕಾಣದಷ್ಟು ಸಣ್ಣಗೆ ಇದ್ದವು ಅಷ್ಟೆ.

ರಾಯರು ಆ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡರು.

“ನೋಡಿ ಗಿರಿಯಪ್ಪ, ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಆಫೀಸಿನೋರು ಇನ್ನೊಂದೇ ಸಲ ನೋಡ್ತೀವಿ ಅಂದಿದ್ದಾರೆ. ದೀಪಾವಳಿ ಹೊತ್ತಿಗೆ ಅದೂ ಆಗಲಿಲ್ಲ ಅಂದ್ರೆ ಬಾಗಿಲು ಹಾಕ್ಬಿಟ್ಟು ಮೈಸೂರಿಗೆ ಮಗಳ ಮನೆಗೆ ಹೋಗ್ತೀನಿ. ನನಗೂ ಕಣ್ಣು ಮಂಜಾಗ್ತಿದೆ.”

“ಸಾರ್, ಕಿಟಕಿಯಲ್ಲಿರೋ ಆ ಮೊದಲನೇ ಬಾಟಲಿ ನೀವು ಹೇಗೆ ಮಾಡಿದ್ರಿ?” ಎಂದು ನಾನು ಕೇಳಿದೆ. ಎಷ್ಟನೆಯ ಸಲವೋ.

“ಅಯ್ಯೋ, ಅದೇನ್ರೀ, ಸುಮ್ನೆ ಕಲಸ್ದೆ. ನೀರು ಮನೆಯ ಕುಡಿಯೋ ನೀರು. ಗೋಂದು ಇದೇ ಜಾಲಿದು. ಕಾಡಿಗೆ ನಂಜಮ್ಮನೇ ಅರೆದಿದ್ದು.”

ನೀರು ಎಷ್ಟು, ಗೋಂದು ಎಷ್ಟು, ಎಷ್ಟು ಹೊತ್ತು ನೆನೆಸಿದಿರಿ ಎಂದೆಲ್ಲ ಕೇಳಿ ಬರೆದುಕೊಂಡೆ. ಹೇಗೆ ಸುರಿದಿರಿ ಎಂದು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ. ಆ ಅರ್ಧ ಬಾಟಲಿ ಮಾತ್ರ ಕಿಟಕಿಯಲ್ಲಿ ಬಿಸಿಲು ಮಳೆ ಎರಡನ್ನೂ ಕಂಡು ಹಾಗೇ ನಯವಾಗಿ ಕೂತಿತ್ತು. ನಾನು ಅದನ್ನು ಅದೃಷ್ಟದ ಬಾಟಲಿ ಎಂದುಕೊಂಡೆ. ರಸಾಯನಶಾಸ್ತ್ರ ಓದದವರ ಕೈಗೆ ಒಮ್ಮೊಮ್ಮೆ ಹಾಗೆ ಅದೃಷ್ಟ ಹತ್ತುತ್ತದೆ ಎಂದುಕೊಂಡೆ.

ಆಮೇಲಿನ ವಾರಗಳಲ್ಲಿ ನಾನು ಮನುಷ್ಯನ ಹಾಗೆ ಇರಲಿಲ್ಲ. ಗೋಂದು ಬದಲಾಯಿಸಿದೆ. ಗುಬ್ಬಿ ಕೆರೆ ಏರಿಯ ಜಾಲಿ, ಕುಣಿಗಲ್ ಕಡೆಯ ಜಾಲಿ, ಎರಡನ್ನೂ ತರಿಸಿದೆ. ಅಂಟುವಾಳ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ನವಸಾಗರದ ಘಾಟಿನ ಅಮೋನಿಯಾ ಹನಿ ಹಾಕಿದೆ. ಬಿಸಿ ಮಾಡಿ ಬೆರೆಸಿದೆ, ಆರಿಸಿ ಬೆರೆಸಿದೆ. ಎಲ್ಲವನ್ನೂ ಬ್ಯುರೆಟ್ಟಿನಿಂದಲೇ. ಕೆಟ್ಟಷ್ಟೂ ಇನ್ನಷ್ಟು ನಿಧಾನವಾಗಿ ತೊಟ್ಟಿಕ್ಕಿಸಿದೆ. ಒಂದು ಪಾತ್ರೆಗೆ ಮುಕ್ಕಾಲು ಗಂಟೆ, ಆಮೇಲೆ ಒಂದು ಗಂಟೆ, ಆಮೇಲೆ ಒಂದೂವರೆ. ನಿಧಾನ ಮಾಡಿದಷ್ಟೂ ಗಂಟು ದಪ್ಪವಾಯಿತು. ಅದನ್ನು ಕಣ್ಣಾರೆ ಕಂಡೂ ನನ್ನ ಕೈ ಇನ್ನೂ ಸಾಕಷ್ಟು ನಿಧಾನವಾಗಿಲ್ಲ ಎಂದೇ ಬಗೆದೆ.

ಮಸಿ ಹೀರುವ ಬ್ಲಾಟಿಂಗ್ ಪೇಪರಿನ ಮೇಲೆ ಒಂದು ಹನಿ ಬಿಟ್ಟರೆ ಮಸಿಯ ಹಣೆಬರಹ ತಿಳಿಯುತ್ತದೆ. ಒಳ್ಳೆಯದಾದರೆ ಹನಿ ಒಂದೇ ಬಣ್ಣದಲ್ಲಿ ಅಗಲವಾಗಿ ಹರಡುತ್ತದೆ. ಕೆಟ್ಟದ್ದಾದರೆ ನಡುವೆ ಕರಿ ಚುಕ್ಕೆ ನಿಂತು ಸುತ್ತ ಬರೀ ನೀರಿನ ಉಂಗುರ. ನನ್ನ ಮೇಜಿನ ಮೇಲೆ ಅಂಥ ಉಂಗುರಗಳ ಹಾಳೆಗಳೇ ರಾಶಿ ಬಿದ್ದವು. ಬೀದಿಯಲ್ಲಿ ಹೆಂಗಸರ ಹಣೆಯ ಕುಂಕುಮ ನೋಡಿದರೂ ನನಗೆ ಅದೇ ಚುಕ್ಕೆ ಕಾಣುತ್ತಿತ್ತು. ಊಟ ಸೇರುತ್ತಿರಲಿಲ್ಲ. ನನ್ನ ಸರ್ಟಿಫಿಕೇಟನ್ನು ಟ್ರಂಕಿನಿಂದ ತೆಗೆದು ಒಂದು ಸಂಜೆ ಓದಿದೆ. ನನ್ನ ಹೆಸರೇ ಇತ್ತು. ಬೇರೆ ಯಾರದೋ ಇರಬೇಕೆನಿಸಿತು.

ಆ ದಿನಗಳಲ್ಲಿ ಹೊನ್ನಿ ಸ್ಕೂಲು ಬಿಟ್ಟ ಮೇಲೆ ಶೆಡ್ಡಿಗೆ ಬಂದು ನಂಜಮ್ಮನ ಪಕ್ಕ ಕೂತು ಓದಿಕೊಳ್ಳುತ್ತಿದ್ದಳು. ಒಂದು ಸಂಜೆ ನಾನು ನೀರಿನ ತೊಟ್ಟಿಯ ಹತ್ತಿರ ಬ್ಯುರೆಟ್ಟು ತೊಳೆಯುತ್ತಿದ್ದಾಗ ಎದ್ದು ಬಂದಳು.

“ಅಣ್ಣ, ನಂಜಮ್ಮ ಏನಂದ್ಲು ಗೊತ್ತಾ?”

“ಆಮೇಲೆ ಹೇಳು. ಇದು ಒಡ್ದೋಗುತ್ತೆ.”

ಅವಳು ವಾಪಸು ಹೋಗಿ ಪುಸ್ತಕ ತೆರೆದಳು. ಆಮೇಲೆ ನಾನು ಕೇಳಲಿಲ್ಲ.

ನವರಾತ್ರಿ ಮುಗಿದ ವಾರ ನನ್ನ ಧೈರ್ಯ ಪೂರಾ ಕುಸಿಯಿತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಒಂದೇ ದಿನದಲ್ಲಿ ಎರಡು ಪಾತ್ರೆ ಕೆಟ್ಟವು. ಶೆಡ್ಡಿನಲ್ಲೇ ಒಂದು ಅಂಚೆ ಕಾರ್ಡು ತೆಗೆದುಕೊಂಡೆ. ಊರಿನಲ್ಲಿ ಅಪ್ಪನಿಗೆ ಕಾರ್ಡು ಓದಿ ಹೇಳುವವರು ಅಂಗಡಿಯವರು, ಆದ್ದರಿಂದ ಎರಡೇ ಸಾಲು ಸಾಕು ಎಂದುಕೊಂಡೆ. ನಮ್ಮ ಮಸಿಯಲ್ಲೇ ಬರೆಯಲು ಹೋದೆ. ಪೆನ್ನು ಕಟ್ಟಿಕೊಂಡಿತು. ಪೆನ್ಸಿಲಿನಲ್ಲಿ ಬರೆದೆ: ನನ್ನ ಕೆಲಸ ಉಳಿಯುವ ಹಾಗೆ ಕಾಣುವುದಿಲ್ಲ. ನೀನು ಬಂದು ಹೊನ್ನಿಯನ್ನು ಕರೆದುಕೊಂಡು ಹೋಗು.

ಹೊನ್ನಿಗೆ ಹೇಳಲಿಲ್ಲ. ಹೇಳುವ ಮುಖ ನನಗಿರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಅಪ್ಪ ಬಂದ. ಹೆಗಲ ಮೇಲೆ ಟವಲು, ಕೈಯಲ್ಲಿ ಎರಡು ತೆಂಗಿನಕಾಯಿ. ಹೊನ್ನಿ ಸ್ಕೂಲಿನಿಂದ ಬಂದು ಅಪ್ಪನನ್ನು ನೋಡಿ ಖುಷಿಯಾದಳು. ಆಮೇಲೆ ತನ್ನ ಬಟ್ಟೆಯ ಗಂಟು ಬಾಗಿಲಲ್ಲಿ ಇರುವುದನ್ನು ನೋಡಿದಳು. ನಾನೇ ಕಟ್ಟಿಟ್ಟಿದ್ದೆ.

“ಏನಣ್ಣ ಇದು?”

ಅಪ್ಪನೇ ಹೇಳಿದ.

“ಅವುನ್ ಕೆಲ್ಸ ಹೋಯ್ತದಂತೆ ಕಣವ್ವ. ನಿಮ್ಮವ್ವುಂಗೂ ಏಳಕ್ಕಾಗಾಕಿಲ್ಲ. ಬಾ, ಬಸ್ಸಿಗೆ ಹೊತ್ತಾಯ್ತದೆ.”

“ಇನ್ನಾರು ತಿಂಗ್ಳು ಇದೆ ಅಪ್ಪ, ಪರೀಕ್ಷೆಗೆ.”

“ಆರ್ ತಿಂಗ್ಳು ಯಾರ್ ಮನೇಲ್ ಇರ್ತೀಯ?”

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಪುಸ್ತಕಗಳನ್ನು ಕಟ್ಟಿಕೊಂಡಳು, ಬಿಚ್ಚಿದಳು, ಗಣಿತದ ಪುಸ್ತಕವನ್ನು ನನ್ನ ಟ್ರಂಕಿನ ಮೇಲೆ ಇಟ್ಟಳು. “ಇದು ನಮ್ ಕ್ಲಾಸಿನ್ ಲಲಿತಂದು. ಕೊಟ್ಬಿಡು,” ಎಂದಳು. ಬಸ್‌ಸ್ಟ್ಯಾಂಡಿನವರೆಗೆ ಮೂವರೂ ನಡೆದೆವು. ಕುಣಿಗಲ್ ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಈ ಕಡೆ ನೋಡಲಿಲ್ಲ. ಅಪ್ಪ ಒಬ್ಬನೇ ಕೈ ಎತ್ತಿದ.

ಅಲ್ಲಿಂದ ಶೆಡ್ಡಿಗೆ ಬಂದೆ. ಗೋಂದಿನ ನೀರು ದೊಡ್ಡ ಹಂಡೆಯಲ್ಲಿ ಸಿದ್ಧವಾಗಿತ್ತು. ಮಸಿನೀರು ಬಕೆಟ್ಟಿನಲ್ಲಿತ್ತು. ಬ್ಯುರೆಟ್ಟು ನಿಲ್ಲಿಸಲು ಹೋದೆ. ಕೈ ಜಾರಿ ಅದು ಕಲ್ಲಿಗೆ ತಾಗಿ ತಿರುಪಿನ ಹತ್ತಿರ ಮುರಿದುಹೋಯಿತು. ಎಷ್ಟೋ ಹೊತ್ತು ಆ ಎರಡು ತುಂಡುಗಳನ್ನು ಹಿಡಿದು ನಿಂತಿದ್ದೆ.

“ಇವತ್ತಿನ್ದು ಏನ್ ಮಾಡ್ಲಿ ಸಾಮಿ?” ಎಂದು ನಂಜಮ್ಮ ಕೇಳಿದಳು.

“ಏನಾದ್ರೂ ಮಾಡು. ಚರಂಡಿಗೆ ಚೆಲ್ಲು.”

ಹೊರಗೆ ಬಂದು ಹೊಂಗೆ ಮರದ ಕೆಳಗೆ ಕೂತೆ. ಒಳಗೆ ಒಂದು ದೊಡ್ಡ ಸದ್ದು ಕೇಳಿಸಿತು, ಬಕೆಟ್ಟು ಬೋರಲಾದ ಸದ್ದು. ಚೆಲ್ಲಿದಳು ಎಂದುಕೊಂಡೆ. ಆಮೇಲೆ ಮಜ್ಜಿಗೆ ಕಡೆಯುವ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಲೂ ಮನಸ್ಸಾಗಲಿಲ್ಲ. ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ಬಂದಾಗ ಹಂಡೆ ಮುಚ್ಚಿತ್ತು. ತೆಗೆದರೆ ಒಳಗೆ ಕಪ್ಪಗೆ, ಕನ್ನಡಿಯ ಹಾಗೆ ನನ್ನ ಮುಖ ಕಂಡಿತು. ಬ್ಲಾಟಿಂಗ್ ಪೇಪರಿನ ಮೇಲೆ ಒಂದು ಹನಿ ಬಿಟ್ಟೆ. ಹನಿ ಹರಡಿತು, ಹರಡುತ್ತಾ ಹೋಯಿತು, ಒಂದೇ ಬಣ್ಣ. ಇನ್ನೊಂದು ಬಿಟ್ಟೆ. ಅದೂ ಹಾಗೆಯೇ.

“ನಂಜಮ್ಮ, ಏನ್ ಮಾಡ್ದೆ?”

“ಏನಾದ್ರೂ ಮಾಡು ಅಂದ್ರಲ್ಲ. ರಾಯರು ಮಾಡ್ದಂಗೆ ಮಾಡ್ದೆ. ಗೋಂದಿನ್ ಹಂಡೇಗೆ ಮಸಿನೀರು ಒಂದೇ ಏಟ್ಗೆ ಸುರ್ದ್‌ಬುಟ್ಟು ಕಡಗೋಲ್ನಾಗೆ ಕಡ್ದೆ. ಅವತ್ತು ಅವ್ರ ಮನೇಲೂ ಹಂಗೇಯ. ನಾನೇ ಕಡ್ದಿದ್ದು.”

ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ.

ಆಮೇಲೆ ಒಂದು ವಾರ ಸಣ್ಣ ಗಾಜಿನ ನಳಿಗೆಗಳನ್ನು ಸಾಲಾಗಿ ಇಟ್ಟು ಪರೀಕ್ಷೆ ಮಾಡಿದೆ. ಎಲ್ಲದರಲ್ಲೂ ಒಂದೇ ಅಳತೆಯ ಮಸಿನೀರು. ಮೊದಲನೆಯದಕ್ಕೆ ಗೋಂದೇ ಇಲ್ಲ, ಎರಡನೆಯದಕ್ಕೆ ಒಂದು ಹನಿ, ಮುಂದಿನದಕ್ಕೆ ಇನ್ನಷ್ಟು, ಕೊನೆಯದಕ್ಕೆ ಧಾರಾಳ. ಗೋಂದಿಲ್ಲದ್ದು ನಯವಾಗಿ ನಿಂತಿತು. ಧಾರಾಳ ಗೋಂದಿನದೂ ನಿಂತಿತು. ನಡುವಿನವು, ಸ್ವಲ್ಪ ಸ್ವಲ್ಪ ಗೋಂದು ಹಾಕಿದವು, ಎಲ್ಲ ಗಂಟು. ಗಂಟಾದ ನಳಿಗೆಗೆ ಆಮೇಲೆ ಎಷ್ಟು ಗೋಂದು ಸುರಿದರೂ ಗಂಟು ಬಿಚ್ಚಲಿಲ್ಲ.

ಆಗ ಅರ್ಥವಾಯಿತು. ನಮ್ಮ ಮನೆಯಲ್ಲಿ ನಾಲ್ಕು ಮಕ್ಕಳಿಗೆ ಒಂದು ಕಂಬಳಿ. ಆ ತುದಿ ಒಬ್ಬ, ಈ ತುದಿ ಒಬ್ಬ ಎಳೆದು ಎಳೆದು ಬೆಳಗಾಗುವಷ್ಟರಲ್ಲಿ ನಾಲ್ವರೂ ಒಂದೇ ಮೂಟೆ. ಅವ್ವ ಬಂದು ಕೈಕಾಲು ಬಿಡಿಸಬೇಕು. ಹಾಸ್ಟೆಲಿಗೆ ಬಂದಾಗ ಒಬ್ಬೊಬ್ಬನಿಗೆ ಒಂದೊಂದು ಹೊದಿಕೆ ಕೊಟ್ಟರು. ಅಷ್ಟೇ ಇಕ್ಕಟ್ಟಿನ ಜಾಗದಲ್ಲಿ ಮಲಗಿದರೂ ಯಾರಿಗೂ ಯಾರೂ ತಾಗಲಿಲ್ಲ. ಗೋಂದಿನ ಎಳೆ ಉದ್ದನೆಯದು. ಎಳೆಗಳು ಕಡಿಮೆ ಇದ್ದಾಗ ಒಂದೇ ಎಳೆ ಎರಡು ಮೂರು ಕಣಗಳನ್ನು ಹಿಡಿದು ಕಟ್ಟಿಹಾಕುತ್ತದೆ. ಕಣ ಬಂದು ಬೀಳುವ ಹೊತ್ತಿಗೇ ಎಳೆಗಳು ಧಾರಾಳವಾಗಿದ್ದರೆ ಪ್ರತಿ ಕಣಕ್ಕೂ ತನ್ನದೇ ಹೊದಿಕೆ ಸಿಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ನಾನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದಾಗ ಪ್ರತಿ ಪಾತ್ರೆಯನ್ನೂ ಆ ಬಡತನದ ಘಳಿಗೆಯೊಳಗಿಂದ ಹಾಯಿಸಿ, ಅಲ್ಲಿಯೇ ಕೆಡಿಸಿ, ಆಮೇಲೆ ಗೋಂದು ತುಂಬುತ್ತಿದ್ದೆ. ಗೋಂದನ್ನು ಮಸಿಗೆ ಬಿಡಬಾರದು. ಮಸಿಯನ್ನು ಗೋಂದಿಗೆ ಸುರಿಯಬೇಕು, ಒಂದೇ ಏಟಿಗೆ. ರಾಯರ ಬಾಟಲಿ ಅದೃಷ್ಟವಲ್ಲ. ಮಳೆಗಾಲ ಪೂರ್ತಿ ಆ ಶೆಡ್ಡನ್ನು ಮುಳುಗಿಸುತ್ತಿದ್ದದ್ದು ಗಡಸು ನೀರಿಗಿಂತ ಹೆಚ್ಚಾಗಿ ನನ್ನ ಕೈ.

ರಾಯರು ಬಂದು ಹಂಡೆಯನ್ನು ನೋಡಿದರು. ಬ್ಲಾಟಿಂಗ್ ಪೇಪರನ್ನು ಕಣ್ಣಿನ ಹತ್ತಿರ ಹಿಡಿದರು.

“ಏನ್ ಮಾಡಿದ್ರಿ ಗಿರಿಯಪ್ಪ?”

“ಹೊಸ ವಿಧಾನ ಸಾರ್. ಕಂಡುಹಿಡಿದೆ,” ಎಂದೆ.

ನಂಜಮ್ಮ ಅಲ್ಲೇ ನಿಂತಿದ್ದಳು. ನನ್ನನ್ನು ಒಂದು ಸಲ ನೋಡಿ ಕೋಳಿಪುಕ್ಕ ತೆಗೆದುಕೊಂಡು ಮಡಕೆಗಳ ಕಡೆಗೆ ಹೋದಳು. ಆ ನೋಟ ಇನ್ನೂ ಇದೆ ನನ್ನ ಹತ್ತಿರ.

ಮೂರನೆಯ ಬಾಟಲಿ ಹತ್ತು ದಿನ ಆಫೀಸಿನ ಮೇಜಿನ ಮೇಲೆ ಕೂತಿತು. ಹತ್ತನೆಯ ದಿನ ಹಿರಿಯ ನಕ್ಷೆಗಾರರು ಅಲುಗಿಸದೆ ಹಾಗೇ ಪೆನ್ನಿಗೆ ಬಿಟ್ಟು, ಬಟ್ಟೆಯ ಆ ಅಂಚಿನಿಂದ ಈ ಅಂಚಿಗೆ ಎಳೆದರು. ಗೆರೆ ಕೂದಲಿನಷ್ಟು ತೆಳ್ಳಗೆ, ಎಲ್ಲಿಯೂ ನಿಲ್ಲದೆ ಓಡಿತು. ಅವರು ತಮಾಷೆ ಮಾಡಲಿಲ್ಲ. ಆ ತುಂಡನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟು, “ಇಟ್ಕೊಳ್ರಿ,” ಎಂದರು. ಅದೇ ಸಂಜೆ ರಾಯರು ನನ್ನನ್ನು ಕಾಯಂ ಮಾಡಿ ಪತ್ರ ಕೊಟ್ಟರು.

ಮಾರನೆಯ ದಿನ ಕುಣಿಗಲ್ ಬಸ್ಸು ಹಿಡಿದು, ಅಲ್ಲಿಂದ ನಡೆದು ಊರಿಗೆ ಹೋದೆ. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಹೊನ್ನಿ ರಾಗಿ ಬೀಸುತ್ತಿದ್ದಳು. ನಾನು ಪತ್ರವನ್ನೂ ಆ ಬಟ್ಟೆಯ ತುಂಡನ್ನೂ ತೋರಿಸಿದೆ. ಅಪ್ಪ ಎರಡನ್ನೂ ತಿರುಗಿಸಿ ನೋಡಿದ.

“ಏನ್ಲಾ, ಒಂದ್ ದಪ ಕರ್ಕಂಡೋಗು ಅಂತೀಯ, ಒಂದ್ ದಪ ಕಳ್ಸು ಅಂತೀಯ. ಮಗಾನೋ ಬುಟ್ಟಿಯೋ ಅದು? ನಿಮ್ಮವ್ವ ಎದ್ದು ಓಡಾಡೋಗಂಟ ಆಗಾಕಿಲ್ಲ.”

ನಾನು ಹೊನ್ನಿಯ ಕಡೆ ನೋಡಿದೆ. ಅವಳು ಅವ್ವನ ಕಡೆ ನೋಡಿದಳು. ಬೀಸುವ ಕಲ್ಲು ನಿಲ್ಲಲಿಲ್ಲ.

ಅವ್ವ ಎದ್ದು ಓಡಾಡಿದ್ದು ಬೇಸಿಗೆಯಲ್ಲಿ. ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಹೊನ್ನಿ ಜೂನ್ ತಿಂಗಳಲ್ಲಿ ವಾಪಸು ಬಂದು, ತನಗಿಂತ ಚಿಕ್ಕವರ ಜೊತೆ ಅದೇ ಬೆಂಚಿನಲ್ಲಿ ಕೂತಳು. ಲಲಿತಾ ಅಷ್ಟು ಹೊತ್ತಿಗೆ ಕಾಲೇಜು ಸೇರಿದ್ದಳು. ದಾರಿಯಲ್ಲಿ ಸಿಕ್ಕರೆ ಹೊನ್ನಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳಂತೆ. ಮರುವರ್ಷ ಪಾಸಾದಳು, ಆಮೇಲೆ ಟ್ರೈನಿಂಗು, ಆಮೇಲೆ ಈ ಕೆಲಸ. ನಮ್ಮೂರಿನ ಮೊದಲ ಹೆಣ್ಣು ಟೀಚರು. ಎಲ್ಲರೂ ನನ್ನನ್ನು ಹೊಗಳುತ್ತಾರೆ, ತಂಗೀನ ಓದಿಸಿದವನು ಎಂದು. ಆ ಹೊಗಳಿಕೆ ಕೇಳಿದಾಗೆಲ್ಲ ಅವಳು ಕಳೆದುಕೊಂಡ ಒಂದು ವರ್ಷ ನೆನಪಿಗೆ ಬರುತ್ತಿತ್ತು. ಮಸಿ ಕೆಟ್ಟಿತ್ತು ಎಂದಷ್ಟೇ ಅವಳಿಗೆ ಗೊತ್ತು, ಕೆಡಿಸಿದವನು ನಾನು ಎಂದು ಗೊತ್ತಿಲ್ಲ ಎಂದುಕೊಂಡಿದ್ದೆ.

ಗುಬ್ಬಿಯ ಜಗಲಿಯಲ್ಲಿ ಆ ಹೊಗೆಯ ಎದುರು ಕೂತು, ಇಷ್ಟು ವರ್ಷದ ಮೇಲೆ ಹೇಳಿಬಿಟ್ಟೆ. ಬ್ಯುರೆಟ್ಟು, ರಾಯರ ಬಾಟಲಿ, ನಂಜಮ್ಮ ಸುರಿದದ್ದು, ನಾನು ಹೇಳಿದ ಸುಳ್ಳು, ಎಲ್ಲ.

ಹೊನ್ನಿ ದೀಪ ಆರಿಸಿ, ಸೆರಗಿನಿಂದ ಹಿಡಿದು ತಟ್ಟೆಯನ್ನು ಮೇಲೆ ಮಾಡಿದಳು. ಒಳಗೆ ಕಾಡಿಗೆ ದಪ್ಪಗೆ ಕೂತಿತ್ತು. ಬೆರಳಿನಿಂದ ಒಂದು ಗೀಟು ಎಳೆದು ನೋಡಿದಳು.

“ಗೊತ್ತು ಕಣಣ್ಣ.”

“ಯಾವಾಗಿಂದ?”

“ಆವಾಗ್ಲಿಂದ. ನಾನು ಶೆಡ್ಡಿಗೆ ಬರ್ತಿದ್ನಲ್ಲ, ನಂಜಮ್ಮ ಹೇಳಿದ್ಲು. ರಾಯರು ಒಂದೇ ಏಟಿಗೆ ಸುರುದ್ರು, ಚೆನ್ನಾಗಾಯ್ತು, ನಿಮ್ಮಣ್ಣ ತೊಟ್ಟಿಕ್ಕಿಸಿ ಕೆಡಿಸ್ತಾವ್ನೆ, ನಾನೇಳಿದ್ರೆ ಕೇಳಾಕಿಲ್ಲ, ನೀನಾದ್ರೂ ಹೇಳು ಅಂತ.”

“ಮತ್ತೆ ನೀನ್ಯಾಕೆ ಹೇಳ್ಲಿಲ್ಲ?”

ಅವಳು ತಟ್ಟೆಯ ಕಾಡಿಗೆಯನ್ನು ಒಂದು ಕಡೆಗೆ ಕೆರೆದು, ಬೆಣ್ಣೆ ಹಾಕಿ ಬೆರಳಿನಲ್ಲಿ ಕಲಸತೊಡಗಿದಳು.

“ಹೇಳಕ್ಕೆ ಬಂದೆ. ನೀನು ಬ್ಯುರೆಟ್ಟು ತೊಳೀತಿದ್ದೆ.”

ಒಳಗಿನಿಂದ ಮಗುವನ್ನು ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಮಲಗಿಸಿದಳು.

“ತಲೆ ಹಿಡ್ಕೋ. ಅಲ್ಲಾಡಿಸ್ಬೇಡ,” ಎಂದಳು.

ಹಿಡಿದುಕೊಂಡೆ.